ಇಂದ್ರಪ್ರಸ್ಥದ ಜಾತಿನಾಯಿಗಳು

ದೆಹಲಿಯ ನಾಯಿ ಜಗಳ ಮಹಾಭಾರತದಷ್ಟು ಹಳೆಯದು. ಇಂದ್ರಪ್ರಸ್ಥವನ್ನು ಆಳಿದ ಧರ್ಮರಾಯ ಕೊನೆಗಾಲದಲ್ಲಿ ಹಿಮಾಲಯ ಹತ್ತಿ ಹೊರಟಾಗ ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದುಹೋಗಿ ಹಿಂದೆ ಉಳಿದದ್ದು ಒಂದು ನಾಯಿ. ರಥ ತಂದ ಇಂದ್ರ, ನೀನು ಹತ್ತು, ನಾಯಿಯನ್ನು ಬಿಡು ಅಂದ. ದೇವಲೋಕದ ನಿವಾಸಿಗಳ ಸಂಘದ (ಆರ್‌ಡಬ್ಲ್ಯುಎ) ಅಧ್ಯಕ್ಷರು ಹೊರಡಿಸಿದ ಮೊದಲ ಸುತ್ತೋಲೆ ಅದು: ಲಿಫ್ಟಿನಲ್ಲಿ ನಾಯಿಗೆ ಪ್ರವೇಶವಿಲ್ಲ. ಧರ್ಮರಾಯ ಹಟ ಹಿಡಿದ, ನಾಯಿ ಬೇಡವೆಂದರೆ ನಿನ್ನ ಸ್ವರ್ಗವೂ ಬೇಡ ಅಂದ. ಕೊನೆಗೆ ನಾಯಿಯೇ ಯಮಧರ್ಮನೆಂದು ಗೊತ್ತಾಗಿ ಕೇಸು ಖುಲಾಸೆಯಾಯಿತು. ಇಷ್ಟೆಲ್ಲ ಬರೆದ ವ್ಯಾಸರು ಒಂದು ವಿವರ ಮಾತ್ರ ಬಿಟ್ಟುಬಿಟ್ಟಿದ್ದಾರೆ. ಅದು ಯಾವ ತಳಿ?

ಈಗಿನ ಇಂದ್ರಪ್ರಸ್ಥದಲ್ಲಿ ಆ ವಿವರವಿಲ್ಲದೆ ಯಾವ ನಾಯಿಯೂ ಗೇಟು ದಾಟುವುದಿಲ್ಲ. ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಎಲ್ಲಿಗೆ ಹೋದರೂ ಮನುಷ್ಯರಿಗೆ ಕೇಳುವ ಮೊದಲ ಪ್ರಶ್ನೆ 'ಯಾವ ಸೆಕ್ಟರ್?', ನಾಯಿಗೆ ಕೇಳುವ ಮೊದಲ ಪ್ರಶ್ನೆ 'ಯಾವ ಬ್ರೀಡ್?' ಎರಡಕ್ಕೂ ಸಿಗುವ ಉತ್ತರದಿಂದ ತಿಳಿಯುವುದು ಒಂದೇ, ಯಜಮಾನರ ಬ್ಯಾಂಕ್ ಬ್ಯಾಲೆನ್ಸು.

ಮನೆಮಂದಿಗೆ ಒಗ್ಗುವ ನಾಯಿ ಯಾವುದು ಎಂದು ತಿಳಿಸುವ ಪುಸ್ತಕಗಳೇನೂ ಕಡಿಮೆಯಿಲ್ಲ. ಮಕ್ಕಳಿದ್ದರೆ ಇದು, ಮುದುಕರಿದ್ದರೆ ಅದು, ಚಿಕ್ಕ ಮನೆಯಾದರೆ ಮತ್ತೊಂದು. ನಮ್ಮ ಕಡೆ ಆ ಪುಸ್ತಕ ಯಾರೂ ತೆರೆಯುವುದಿಲ್ಲ, ಎದುರು ಫ್ಲ್ಯಾಟಿನ ಬಾಗಿಲು ತೆರೆದಾಗ ಇಣುಕುತ್ತಾರೆ. ಎದುರಿನವರು ಲ್ಯಾಬ್ರಡಾರ್ ತಂದಿದ್ದರೆ ನಾವು ಗೋಲ್ಡನ್ ರಿಟ್ರೀವರ್. ಅವರು ಗೋಲ್ಡನ್ ತಂದರೆ ನಾವು ಹಸ್ಕಿ. ಅವರೂ ಹಸ್ಕಿ ತಂದು ಮಾನ ಕಳೆದರೆ ನಾವು ಅಲಾಸ್ಕನ್ ಮಾಲಮ್ಯೂಟ್. ಹೀಗೆ ಟವರಿನ ಒಂದೊಂದು ಮಹಡಿ ಏರಿದಂತೆ ನಾಯಿಯ ಮೂಲಸ್ಥಾನ ಉತ್ತರ ಧ್ರುವಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಪೆಂಟ್‌ಹೌಸಿನಲ್ಲಿ ಹಿಮಕರಡಿ ಸಿಕ್ಕರೂ ನನಗೆ ಆಶ್ಚರ್ಯವಾಗದು.

ಹಸ್ಕಿಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೈಬೀರಿಯದ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಸಲು ಬೆಳೆಸಿದ ನಾಯಿ ಅದು. ಮೈಮೇಲೆ ಎರಡು ಪದರ ಕೂದಲು, ದಿನವಿಡೀ ಓಡಿದರೂ ಬತ್ತದ ಉಸಿರು. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಹಬ್ಬಿದಾಗ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸರದಿಯಲ್ಲಿ ಔಷಧ ಎಳೆದು ತಂದು ಊರನ್ನು ಉಳಿಸಿದ್ದು ಇಂಥ ನಾಯಿಗಳ ತಂಡಗಳೇ. ಆ ವಂಶದ ಕುಡಿ ಈಗ ನೋಯ್ಡಾದ ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಸೋಫಾದಿಂದ ಟಿವಿಯವರೆಗೆ, ಟಿವಿಯಿಂದ ಸೋಫಾದವರೆಗೆ ಜಾರುಬಂಡಿ ಎಳೆಯುತ್ತದೆ. ಇದಕ್ಕೆ ಬೊಗಳುವುದಕ್ಕಿಂತ ಊಳಿಡುವುದೇ ಇಷ್ಟ, ಅದೂ ರಾತ್ರಿ ಎರಡು ಗಂಟೆಗೆ. ಅಪರಿಚಿತರನ್ನು ಕಂಡರೆ ಬಲು ಪ್ರೀತಿ. ಕಳ್ಳ ಬಂದರೆ ಲಾಕರು ಎಲ್ಲಿದೆ ಎಂದು ತಾನೇ ತೋರಿಸುವಷ್ಟು ಸಜ್ಜನ. ಬಾಗಿಲು ತೆರೆದಿದ್ದರೆ ಮಾತ್ರ ಸೈಬೀರಿಯದ ದಿಕ್ಕು ಹಿಡಿದು ಪರಾರಿ.

ಊರಿನ ಹವಾಮಾನ ಗೊತ್ತೇ ಇದೆ. 2024ರ ಮೇ 29ರಂದು ದೆಹಲಿಯ ಮಂಗೇಶ್‌ಪುರದ ಯಂತ್ರ 52.9 ಡಿಗ್ರಿ ತೋರಿಸಿ ದೇಶವೇ ಬೆಚ್ಚಿಬಿದ್ದಿತ್ತು. ಆಮೇಲೆ ಹವಾಮಾನ ಇಲಾಖೆ ಪರೀಕ್ಷೆ ಮಾಡಿ, ಯಂತ್ರ ಮೂರು ಡಿಗ್ರಿ ಜಾಸ್ತಿ ತೋರಿಸಿದೆ ಎಂದು ಸಮಾಧಾನ ಹೇಳಿತು. ಅಂದರೆ ಬರೀ 49.9, ಗಾಬರಿ ಬೀಳುವಂಥದ್ದೇನಲ್ಲ. ಅಂಥದೇ ಒಂದು ಮೇ ಮಧ್ಯಾಹ್ನ ಕೆಳಗಿನ ಮಹಡಿಯವರ ಮನೆಗೆ ಹೋಗಿದ್ದೆ. ಬಾಲ್ಕನಿಯ ನೆರಳಿನಲ್ಲಿ ಯಜಮಾನರ ತಂದೆ ಬರೀ ಬನಿಯನ್ನಿನಲ್ಲಿ ಕೂತು ಹಳೆಯ ಕೂಲರಿನ ಎದುರು ಮುಖ ಒಡ್ಡಿದ್ದರು. ಅವರ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಎಸಿ ಗುಂಯ್‌ಗುಡುತ್ತಿತ್ತು. ಗಾಜಿನಲ್ಲಿ ನೋಡಿದರೆ ಮುದುಕರ ಮಂಚದ ಮೇಲೆ ಹಸ್ಕಿ ನಾಲ್ಕೂ ಕಾಲು ಚಾಚಿ ಮಲಗಿದೆ.

'ಪಾಪಾಜಿಗೆ ಸೆಕೆ ಅಭ್ಯಾಸ, ಅವರು ಮೇರಠ್ ಕಡೆಯವರು' ಎಂದು ಸೊಸೆ ವಿವರಿಸಿದಳು. 'ಇವನು ಸೈಬೀರಿಯದವನು ನೋಡಿ ಅಂಕಲ್‌ಜೀ, ತಡಕೊಳ್ಳಲ್ಲ.'

ಮರಿ ಎಲ್ಲಿಂದ ತಂದಿರಿ ಎಂದು ಕೇಳಿದೆ.

'ಲೂಧಿಯಾನಾ.'

ಪಾಪಾಜಿ ನನ್ನ ಮುಖ ನೋಡಿದರು. ನಾನು ಕೂಲರಿನ ನೀರು ನೋಡಿದೆ.

ಇಲ್ಲಿನ ಸಿರಿವಂತ ನಾಯಿಗಳಿಗೆ ಎರಡು ಕುಟುಂಬ. ಇನ್‌ಸ್ಟಾಗ್ರಾಮಿನಲ್ಲಿ ಇರುವುದು ಒಂದು, ಮಲ ಬಾಚುವುದು ಇನ್ನೊಂದು. ಮೊದಲ ಕುಟುಂಬ ನಾಯಿಯ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತದೆ: ಬ್ರೂನೋ ಸಿಟ್, ಬ್ರೂನೋ ನೋ, ಬ್ರೂನೋ ಗಿವ್ ಮಮ್ಮಾ ಕಿಸ್ಸಿ. ಅದೇ ಉಸಿರಿನಲ್ಲಿ ಕೆಲಸದವಳ ಕಡೆ ತಿರುಗಿದಾಗ ಹಿಂದಿ, ಅದೂ ಏಕವಚನದ ಹಿಂದಿ. ಬೆಳಿಗ್ಗೆ ಆರಕ್ಕೆ ಗುರುಗ್ರಾಮದ ಯಾವುದೇ ದೊಡ್ಡ ಸೊಸೈಟಿಯ ಸುತ್ತ ನಡೆದು ನೋಡಿ. ಒಂದೊಂದು ಕೈಯಲ್ಲಿ ಮೂರು ಮೂರು ಹಗ್ಗ ಹಿಡಿದ ಹುಡುಗರು ನಾಯಿ ಸುತ್ತಿಸುತ್ತಿರುತ್ತಾರೆ. ನಾಯಿಗಳ ಕೊರಳಲ್ಲಿ ಹೆಸರಿನ ಬಿಲ್ಲೆ, ಹುಡುಗರ ಕೊರಳಲ್ಲಿ ಸೆಕ್ಯುರಿಟಿಯವರು ಕೊಟ್ಟ ಪಾಸು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನಾಯಿಯನ್ನು ಹೇಗೆ ಸಾಕಬೇಕೆಂದು ಪಶುವೈದ್ಯರು ಯಜಮಾನನಿಗೆ ಹೇಳುತ್ತಾರೆ, ಯಜಮಾನ ಹೆಂಡತಿಗೆ ಹೇಳುತ್ತಾನೆ, ಆಕೆ ಝಾರ್ಖಂಡದಿಂದ ಬಂದ ಹುಡುಗಿಗೆ ಹೇಳುತ್ತಾಳೆ. ನಾಯಿ ಪೆದ್ದಲ್ಲ. ಯಾರ ಹೆಜ್ಜೆ ಸಪ್ಪಳಕ್ಕೆ ಬಾಲ ಅಲ್ಲಾಡಿಸಬೇಕೆಂದು ಅದಕ್ಕೆ ಗೊತ್ತು. 'ಫ್ಯಾಮಿಲಿ ಡಾಗ್' ನಿಜವೇ, ಆ ಫ್ಯಾಮಿಲಿ ಅಡುಗೆಮನೆಯ ಹಿಂದಿನ ಎಂಟಡಿ ಕೋಣೆಯಲ್ಲಿದೆ.

ಟವರಿನ ಲಿಫ್ಟಿನ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಫಲಕವೊಂದಿರುತ್ತದೆ: ಸಾಕುಪ್ರಾಣಿ, ಮನೆಗೆಲಸದವರು, ಡೆಲಿವರಿಯವರು ಸರ್ವಿಸ್ ಲಿಫ್ಟ್ ಬಳಸತಕ್ಕದ್ದು. ಸಾಲಿನಲ್ಲಿ ಮೊದಲ ಹೆಸರು ನಾಯಿಯದು, ಗೌರವಕ್ಕೋ ಅವಮಾನಕ್ಕೋ ತಿಳಿಯದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೊಸೈಟಿಗಳಿಗೆ ಮಾರ್ಗಸೂಚಿ ಕಳಿಸಿ, ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟು ಬಳಸಬೇಡಿ ಎನ್ನುವಂತಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಈ ಮಂಡಳಿಯ ಕಚೇರಿ ಈಗ ಇರುವುದೂ ನಮ್ಮ ರಾಜಧಾನಿ ವಲಯದ (ಎನ್‌ಸಿಆರ್) ಬಲ್ಲಭಗಢದಲ್ಲೇ. ಆದ್ದರಿಂದ ಫಲಕದಲ್ಲಿರುವ ಮೂವರ ಪೈಕಿ ನಾಯಿಯ ಪರವಾಗಿ ಯಾರಾದರೂ ಬಲ್ಲಭಗಢಕ್ಕೆ ಪತ್ರ ಬರೆಯಬಹುದು. ಉಳಿದಿಬ್ಬರಿಗೆ ಆ ಸವಲತ್ತಿಲ್ಲ, ಅವರು ಪ್ರಾಣಿಗಳ ಪಟ್ಟಿಯಲ್ಲಿ ಬರುವುದಿಲ್ಲ.

ಲ್ಯಾಬ್ರಡಾರಿನ ಬಗ್ಗೆ ದೂರು ಹೇಳಿದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಮಕ್ಕಳು ಕಿವಿ ಎಳೆದರೂ ಸುಮ್ಮನಿರುವ ಪ್ರಾಣಿ, ನ್ಯೂಫೌಂಡ್‌ಲೆಂಡಿನ ಬೆಸ್ತರ ಬಲೆ ಎಳೆದು ಬಂದದ್ದು. ಒಂದೇ ತೊಂದರೆ, ಹಸಿವು. ಲ್ಯಾಬ್ರಡಾರುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಜೀನಿನಲ್ಲೇ ಕೊರತೆಯಿದೆ ಎಂದು ಕೇಂಬ್ರಿಜ್‌ನವರು 2016ರಲ್ಲಿ ಕಂಡುಹಿಡಿದರು. ಪಂಜಾಬಿ ಮನೆಯಲ್ಲಿ ಅಂಥದ್ದೊಂದು ಲ್ಯಾಬ್ರಡಾರ್ ಇದ್ದರೆ ಏನಾಗುತ್ತದೆಂದು ಕೇಂಬ್ರಿಜ್‌ನವರು ನೋಡಿಲ್ಲ. ಪರಾಠಾ, ಪನೀರು, ಮಲಾಯಿ ತಿಂದು ಮೇಜಿನಷ್ಟು ಅಗಲವಾಗಿ, ಐದನೇ ವರ್ಷಕ್ಕೆ ಸೊಂಟ ಹಿಡಿದು, ಯಜಮಾನರ ಜೊತೆಯಲ್ಲೇ ಮೂಳೆ ಡಾಕ್ಟರ ಬಳಿ ಸಾಲು ನಿಲ್ಲುತ್ತದೆ.

ಪಗ್ ಕಥೆ ಬೇರೆ. ಚೀನಾದ ಅರಮನೆಯ ಮಡಿಲಲ್ಲಿ ಬೆಳೆದ ಈ ನಾಯಿ ನಮ್ಮ ಮನೆಗಳಿಗೆ ಬಂದದ್ದು ಹಚ್ ಕಂಪನಿಯ ಮೊಬೈಲ್ ಜಾಹೀರಾತಿನ ಹಿಂದೆ ಹಿಂದೆ. 2003ರ ಸುಮಾರಿಗೆ ಅದರಲ್ಲಿನ ಪುಟ್ಟ ಹುಡುಗನ ಬೆನ್ನು ಹತ್ತಿ ನಡೆದ ಚೀಕಾ ಎಂಬ ಪಗ್ ಇಡೀ ದೇಶದ ಮಧ್ಯಮವರ್ಗವನ್ನು ಎಳೆದುಕೊಂಡು ಹೋಯಿತು. ಹಚ್ ಹೋಯಿತು, ವೊಡಾಫೋನ್ ಬಂತು, ಅದೂ ಐಡಿಯಾದ ಜೊತೆ ಸೇರಿ ಹೆಸರು ಬದಲಿಸಿತು, ಪಗ್ ಮಾತ್ರ ಉಳಿದುಕೊಂಡು ಗೊರಕೆ ಹೊಡೆಯುತ್ತಿದೆ. ಮೂಗೇ ಇಲ್ಲದಂತೆ ಮುಖ ಚಪ್ಪಟೆ ಮಾಡಿ ಬೆಳೆಸಿದ ಮೇಲೆ ಅದಕ್ಕೆ ಉಸಿರಾಡುವುದೇ ದಿನದ ಕೆಲಸ. ಒಂದು ಸಮಾಧಾನವಿದೆ. ನವೆಂಬರ್ ಬಂತೆಂದರೆ ದೆಹಲಿ ಎಲ್ಲರನ್ನೂ ಪಗ್ ಮಾಡಿಬಿಡುತ್ತದೆ. ಆಗ ಏರ್ ಪ್ಯೂರಿಫೈಯರಿನ ಎದುರು ಯಜಮಾನರೂ ಪಗ್ಗೂ ಒಂದೇ ಶ್ರುತಿಯಲ್ಲಿ ಏದುಸಿರು ಬಿಡುತ್ತ ಕೂತಿರುತ್ತಾರೆ.

ಬೀಗಲ್ ಮೊಲದ ವಾಸನೆ ಹಿಡಿದು ಕೂಗುತ್ತ ಓಡಲೆಂದು ಬೆಳೆಸಿದ ನಾಯಿ. ಮೊಲವಿಲ್ಲದ ಸೊಸೈಟಿಯಲ್ಲಿ ಕೂಗು ಮಾತ್ರ ಉಳಿದಿದೆ. ಶಿತ್ಸುವಿನ ಕೂದಲಿಗೆ ಯಜಮಾನತಿಯ ಕೂದಲಿಗಿಂತ ಹೆಚ್ಚು ಖರ್ಚು. ಜರ್ಮನ್ ಶೆಫರ್ಡ್ ನಿವೃತ್ತ ಕರ್ನಲ್‌ಗಳ ಮನೆಯಲ್ಲಿ ಇನ್ನೂ ಶಿಸ್ತಾಗಿ ಬದುಕಿದೆ, ಕರ್ನಲ್ ಹೇಳಿದ ಮಾತು ಕೇಳುವ ಮನೆಯ ಏಕೈಕ ಸದಸ್ಯ ಅದು. ಇನ್ನು 'ಪಾಮೇರಿಯನ್' ಎಂದು ಉತ್ತರ ಭಾರತ ಮೂವತ್ತು ವರ್ಷ ಮುದ್ದಾಡಿದ ಬಿಳಿ ನಾಯಿ ಪಾಮರೇನಿಯನ್ನೇ ಅಲ್ಲ, ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್‌ಕೇ ಹೈ ಕೌನ್' ಚಿತ್ರದಲ್ಲಿ ಚೀಟಿ ತಲುಪಿಸಿ ಪ್ರೇಮಿಗಳನ್ನು ಒಂದುಗೂಡಿಸಿದ ಟಫಿ ಅದೇ ಜಾತಿ. ಬಿಸಿಲು ತಡೆಯುತ್ತದೆ, ಮೊಸರನ್ನ ತಿನ್ನುತ್ತದೆ, ಹದಿನಾಲ್ಕು ವರ್ಷ ಬದುಕುತ್ತದೆ. ಇಷ್ಟು ಒಳ್ಳೆಯ ಗುಣಗಳಿದ್ದ ಮೇಲೆ ಯಾರು ಕೊಳ್ಳುತ್ತಾರೆ? ಅಗ್ಗದ್ದು ಎಂದು ಎಲ್ಲರಿಗೂ ಗೊತ್ತಾಗಿಹೋಗಿದೆ.

ಮರಿ ಕೊಳ್ಳುವುದು ಮದುವೆಗೆ ಹೆಣ್ಣು ನೋಡಿದ ಹಾಗೆಯೇ ನಡೆಯುತ್ತದೆ. ಮೊದಲು ವಾಟ್ಸ್‌ಆ್ಯಪಿನಲ್ಲಿ ಫೋಟೊ, ಆಮೇಲೆ ಕೆನಲ್ ಕ್ಲಬ್ಬಿನ ಕಾಗದ. ಅದರಲ್ಲಿ ಮೂರು ತಲೆಮಾರಿನ ವಂಶಾವಳಿ. ಅಜ್ಜನ ಹೆಸರೇನು ಎಂದು ತನ್ನ ಮಗನನ್ನು ಕೇಳಿದರೆ ತಡವರಿಸುವ ಮನುಷ್ಯ ನಾಯಿಯ ಮುತ್ತಜ್ಜ ಎಲ್ಲಿ ಚಾಂಪಿಯನ್ ಆಗಿತ್ತೆಂದು ಪಟಪಟ ಹೇಳುತ್ತಾನೆ. ದಲ್ಲಾಳಿಯ ಬಾಯಲ್ಲಿ ನಾಲ್ಕೇ ಮಾತು: ಹೆವಿ ಬೋನ್, ಪಂಚ್ ಫೇಸ್, ಶೋ ಕ್ವಾಲಿಟಿ, ಇಂಪೋರ್ಟ್ ಲೈನ್. ಸೇಂಟ್ ಬರ್ನಾರ್ಡ್ ಇರಲಿ, ಚಿವಾವಾ ಇರಲಿ, 'ಸರ್‌ಜೀ, ಫ್ಯಾಮಿಲಿ ಕೇ ಲಿಯೇ ಏಕ್‌ದಮ್ ಬೆಸ್ಟ್.' ಮರಿ ಮಾರುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಎರಡು ತಿಂಗಳು ತುಂಬದ ಮರಿಯನ್ನು ಮಾರಕೂಡದು ಎಂದು 2017ರ ನಿಯಮ ಹೇಳುತ್ತದೆ. ಕಣ್ಣು ಬಿಟ್ಟು ವಾರವಾಗದ ಮರಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ತಂದವನ ಹತ್ತಿರ ನಿಯಮದ ಮಾತೆತ್ತಿದರೆ, ಡಿಸ್ಕೌಂಟ್ ಕೇಳುತ್ತಿದ್ದೀರಿ ಎಂದು ತಿಳಿಯುತ್ತಾನೆ. ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿಲ್ಲ. 2025ರಲ್ಲಿ ಅಲ್ಲಿನ ಒಬ್ಬರು ಐವತ್ತು ಕೋಟಿ ರೂಪಾಯಿ ಕೊಟ್ಟು ತೋಳನಾಯಿ ಕೊಂಡೆನೆಂದು ವಿದೇಶಿ ಪತ್ರಿಕೆಗಳವರೆಗೂ ಸುದ್ದಿಯಾದರು. ಜಾರಿ ನಿರ್ದೇಶನಾಲಯದವರು ಮನೆಗೆ ಬಂದು ಲೆಕ್ಕ ಕೇಳಿದಾಗ ಅಂಥ ದುಡ್ಡಿನ ವ್ಯವಹಾರದ ಸುಳಿವೇ ಸಿಗಲಿಲ್ಲ. ದೆಹಲಿಯವರು ಇರುವ ದುಡ್ಡು ತೋರಿಸುತ್ತಾರೆ, ನಾವು ಇಲ್ಲದ್ದನ್ನೂ ತೋರಿಸಿದೆವು.

ಅಷ್ಟಕ್ಕೇ ನಿಂತಿದ್ದರೆ ನಗುತ್ತ ಕೂರಬಹುದಿತ್ತು. ಆದರೆ ಮುದ್ದಿನ ನಾಯಿಯ ಆಸೆ ತೀರಿದ ಮೇಲೆ ಹೆದರಿಸುವ ನಾಯಿಯ ಆಸೆ ಹುಟ್ಟುತ್ತದೆ. ಗೇಟಿನಲ್ಲಿ ಗಾರ್ಡು, ಟವರಿನಲ್ಲಿ ಗಾರ್ಡು, ಲಿಫ್ಟಿನಲ್ಲಿ ಕ್ಯಾಮೆರಾ, ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟರಷ್ಟೇ ಹಾಲಿನವನಿಗೂ ಪ್ರವೇಶ. ಇಷ್ಟೆಲ್ಲ ಇದ್ದೂ ಹದಿನೆಂಟನೇ ಮಹಡಿಯ ಮನೆಗೆ ಕಾವಲಿಗೆಂದು ರಾಟ್‌ವೀಲರ್ ಬರುತ್ತದೆ. ಜರ್ಮನಿಯ ರಾಟ್‌ವೈಲ್ ಊರಿನ ಕಟುಕರ ದನ ಹೊಡೆದುಕೊಂಡು, ಮಾಂಸದ ಗಾಡಿ ಎಳೆದುಕೊಂಡು ಇದ್ದ ಕೆಲಸಗಾರ ನಾಯಿ. ದೆಹಲಿಗೆ ಬಂದ ಮೇಲೆ ಅದಕ್ಕೂ ರಾಜಕೀಯ ಅಂಟಿತು. ಸಂಸದೆ ಮಹುವಾ ಮೊಯಿತ್ರಾ ಮತ್ತು ವಕೀಲ ಜೈ ಅನಂತ್ ದೇಹಾದ್ರಾಯ್ ನಡುವೆ ಹೆನ್ರಿ ಎಂಬ ರಾಟ್‌ವೀಲರ್ ಯಾರ ಬಳಿ ಇರಬೇಕೆಂಬ ವ್ಯಾಜ್ಯ 2023ರಲ್ಲಿ ದೇಶಕ್ಕೆಲ್ಲ ತಿಳಿಯಿತು, ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ದುಡ್ಡು ಪಡೆದರೆಂಬ ಆರೋಪದ ಗದ್ದಲದ ಪಕ್ಕದಲ್ಲೇ ಓಡಿದ ಆ ಕಥೆಯಲ್ಲಿ ಯಾರ ಮೇಲೂ ಏನೂ ಹೇಳದೆ ಸುಮ್ಮನಿದ್ದದ್ದು ಹೆನ್ರಿ ಒಬ್ಬನೇ.

ಡೋಗೋ ಅರ್ಜೆಂಟಿನೋ ಎಂಬ ಬಿಳಿಯ ಪೈಲ್ವಾನನನ್ನು 1920ರ ದಶಕದಲ್ಲಿ ಅರ್ಜೆಂಟಿನಾದ ಕೊರ್ದೊಬಾದಲ್ಲಿ ಡಾಕ್ಟರೊಬ್ಬರು ಕಾಡುಹಂದಿ ಬೇಟೆಗೆಂದು ಬೆಳೆಸಿದರು. 2022ರ ಆಗಸ್ಟಿನಲ್ಲಿ ಅದು ಗುರುಗ್ರಾಮದ ಬೀದಿಯಲ್ಲಿ ಬೇಟೆಯಾಡಿತು. ಸಿಕ್ಕಿದ್ದು ಹಂದಿಯಲ್ಲ, ಕೆಲಸಕ್ಕೆ ಹೊರಟಿದ್ದ ಮನೆಗೆಲಸದ ಹೆಂಗಸು. ತಲೆ, ಮುಖ ಹರಿದು ಆಕೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊರಗೆ ನಡೆದ ಚರ್ಚೆ, ನಾಯಿ ಪಿಟ್‌ಬುಲ್ಲೋ ಡೋಗೋ ಅರ್ಜೆಂಟಿನೋನೋ ಎಂಬುದರ ಬಗ್ಗೆ. ಜಿಲ್ಲಾ ಗ್ರಾಹಕ ವೇದಿಕೆ ಎರಡು ಲಕ್ಷ ಪರಿಹಾರ ಕೊಡಿಸಲು ಆದೇಶಿಸಿ, ಹನ್ನೊಂದು ವಿದೇಶಿ ತಳಿಗಳನ್ನು ಊರಿನಲ್ಲಿ ನಿಷೇಧಿಸಿ ಅಂದಿತು. ಹಂದಿಯ ವಿಚಾರ ಬಂದದ್ದರಿಂದ ಒಂದು ಮಾತು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತ ಕಥೆ ಅದರಲ್ಲಿದೆ. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಕಾಳಿಯ ಕೆಲಸ ಹಂದಿ ಹಿಡಿಯುವುದು, ಅದನ್ನು ಹಂದಿ ಇರುವಲ್ಲಿಗೆ ಕರೆದೊಯ್ದರು. ಮಣಲೆರನಿಗೆ ಗುರುಗ್ರಾಮದಲ್ಲಿ ಫ್ಲ್ಯಾಟ್ ಇರಲಿಲ್ಲ.

ಗಾಜಿಯಾಬಾದಿನ ಕಥೆ ಎಲ್ಲರೂ ವಿಡಿಯೊದಲ್ಲೇ ನೋಡಿದರು. 2022ರ ಸೆಪ್ಟೆಂಬರಿನಲ್ಲಿ ಲಿಫ್ಟಿನೊಳಗೆ ನಾಯಿ ಹುಡುಗನಿಗೆ ಕಚ್ಚಿತು, ಹುಡುಗ ನೋವಿನಿಂದ ಕಾಲೆತ್ತಿ ಕುಣಿಯುತ್ತಿದ್ದರೂ ನಾಯಿಯ ಒಡತಿ ಮಹಡಿ ಬರುವುದನ್ನೇ ಕಾಯುತ್ತ ನಿಂತಿದ್ದಳು. ಆ ವರ್ಷ ಕಚ್ಚಿದ ಪ್ರಕರಣಗಳು ಒಂದರ ಮೇಲೊಂದು ಬಂದವು. ಅಕ್ಟೋಬರಿನಲ್ಲಿ ಅಲ್ಲಿನ ನಗರ ನಿಗಮ ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟಿನೋ ಮೂರನ್ನೂ ನಿಷೇಧಿಸಿತು. ಸುಮ್ಮನೆ ನೋಡುತ್ತ ನಿಲ್ಲುವ ತಳಿಯ ಮೇಲೆ ನಿಷೇಧವಿಲ್ಲ, ಅದು ಎಲ್ಲ ಟವರಿನಲ್ಲೂ ಹೇರಳವಾಗಿ ಸಿಗುತ್ತದೆ. ನೋಯ್ಡಾ ಪ್ರಾಧಿಕಾರ ಹೆಚ್ಚು ವ್ಯವಹಾರಸ್ಥ. ನಾಯಿ ಕಚ್ಚಿದರೆ ಯಜಮಾನನಿಗೆ ಹತ್ತು ಸಾವಿರ ದಂಡ, ಚಿಕಿತ್ಸೆಯ ಖರ್ಚೂ ಅವನದೇ ಅಂದಿತು. ನನಗೆ ಇದು ಎಲ್ಲಕ್ಕಿಂತ ಬುದ್ಧಿವಂತ ಆದೇಶ ಅನ್ನಿಸುತ್ತದೆ. ದುಡ್ಡು ತೋರಿಸಲು ನಾಯಿ ತಂದವನಿಗೆ ದುಡ್ಡಿನ ಜಾಗದಲ್ಲೇ ಕಚ್ಚಬೇಕು.

ಕೇಂದ್ರ ಸರ್ಕಾರಕ್ಕೆ ಇಷ್ಟು ಸಣ್ಣ ಕೆಲಸ ಹಿಡಿಸಲಿಲ್ಲ. 2024ರ ಮಾರ್ಚ್ 12ರಂದು ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆಲ್ಲ ಪತ್ರ ಬರೆದು 23 ತಳಿಗಳನ್ನು ಮಾರಬೇಡಿ, ಬೆಳೆಸಬೇಡಿ, ಈಗಾಗಲೇ ಸಾಕಿದವುಗಳಿಗೆ ಸಂತಾನಹರಣ ಮಾಡಿಸಿ ಎಂದಿತು. ಪಟ್ಟಿಯನ್ನು ಓದಿದವರಿಗೆ ಸಮಿತಿಯ ಶ್ರದ್ಧೆ ಅರ್ಥವಾಗುತ್ತದೆ. ತೋಸಾ ಇನು ಎಂದು ಒಂದು ಕಡೆ, ಜಪಾನೀಸ್ ತೋಸಾ ಎಂದು ಇನ್ನೊಂದು ಕಡೆ, ಎರಡೂ ಒಂದೇ ನಾಯಿ. ಒಮ್ಮೆ ನಿಷೇಧಿಸಿದ್ದು ಸಾಲದೆಂದು ಮತ್ತೊಮ್ಮೆ ನಿಷೇಧಿಸಿದ್ದಾರೆ. ನೋಯ್ಡಾದಲ್ಲಿ ತೋಸಾ ನಾಯಿ ನೋಡಿದವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಇನ್ನೊಂದು ಕಡೆ 'ಟೆರಿಯರ್‌ಗಳು' ಎಂದು ಒಂದೇ ಮಾತಿನಲ್ಲಿ ಇಡೀ ಕುಲವನ್ನು ಸೇರಿಸಿಬಿಟ್ಟರು. ಟೆರಿಯರ್ ಎಂದ ಮೇಲೆ ಕೈಚೀಲದಲ್ಲಿ ಕೂರುವ ಮೂರು ಕಿಲೋ ತೂಕದ ಯಾರ್ಕ್‌ಶೈರ್ ಟೆರಿಯರ್ ಕೂಡ ರಾಷ್ಟ್ರೀಯ ಅಪಾಯ. ರಾಹುಲ್ ಗಾಂಧಿ 2023ರಲ್ಲಿ ಗೋವಾದಿಂದ ತಂದು ತಾಯಿಗೆ ಕೊಟ್ಟ ನೂರಿ ಕೂಡ ಜಾಕ್ ರಸೆಲ್ ಟೆರಿಯರ್. ವಿರೋಧ ಪಕ್ಷದ ಮನೆಯೊಳಗಿನ ನಾಯಿಯನ್ನು ಒಂದು ಪದದಲ್ಲಿ ಉಗ್ರರ ಪಟ್ಟಿಗೆ ಸೇರಿಸಿದ ಸರ್ಕಾರ ಪ್ರಪಂಚದಲ್ಲಿ ಇನ್ನೊಂದಿರಲಾರದು, ಅದೂ ತನಗೇ ಗೊತ್ತಿಲ್ಲದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಈ ಪತ್ರವನ್ನು ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಏಪ್ರಿಲ್ 10ರಂದು ರದ್ದು ಮಾಡಿದರು. ಯಾರನ್ನು ಕೇಳಿ ಈ ತೀರ್ಮಾನ ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ವಾರದೊಳಗೆ ದೆಹಲಿ ಹೈಕೋರ್ಟೂ ಅದೇ ಹಾದಿ ಹಿಡಿಯಿತು. ನಾಯಿಗಳು ಎಂದಿನಂತೆ ಉಂಡು ಮಲಗಿದವು.

ತಳಿಗೂ ನಡತೆಗೂ ಸಂಬಂಧವಿಲ್ಲವೇ ಎಂದರೆ ಇದೆ. ಎಳೆಯುವ ನಾಯಿ ಎಳೆಯುತ್ತದೆ, ಅಗೆಯುವ ನಾಯಿ ಅಗೆಯುತ್ತದೆ, ಎಪ್ಪತ್ತು ಕಿಲೋ ನಾಯಿ ಹಿಡಿದರೆ ಬಿಡಿಸುವುದು ಕಷ್ಟ. ಆದರೆ ಅಧಿಕಾರದ ನಾಯಿ ಯಾವ ತಳಿಯದಾದರೂ ಜನ ದಾರಿ ಬಿಡುತ್ತಾರೆ. 2022ರ ಮೇ ತಿಂಗಳಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಸಂಜೆ ಏಳಕ್ಕೇ ಓಟಗಾರರನ್ನು ಹೊರಗೆ ಕಳಿಸುತ್ತಿದ್ದಾರೆ, ಹಿರಿಯ ಐಎಎಸ್ ಅಧಿಕಾರಿಯೊಬ್ಬರು ನಾಯಿ ಸುತ್ತಿಸಲು ಬರುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ಅಧಿಕಾರಿ ಅಲ್ಲಗಳೆದರು, ಯಾರನ್ನೂ ಹೊರಗೆ ಕಳಿಸಲು ಹೇಳಿಲ್ಲ ಅಂದರು. ಸುದ್ದಿ ಬಂದ ದಿನವೇ ಗಂಡನನ್ನು ಲಡಾಖಿಗೆ, ಐಎಎಸ್ ಹೆಂಡತಿಯನ್ನು ಅರುಣಾಚಲಕ್ಕೆ ವರ್ಗ ಮಾಡಿದರು. ಲಡಾಖಿನವರೂ ಅರುಣಾಚಲದವರೂ, ನಮ್ಮ ಊರು ಶಿಕ್ಷೆಯೇ ಎಂದು ಕೇಳಿದರು. ನಾಯಿ ಯಾವ ಕಡೆ ಹೋಯಿತು ಎಂದು ದೇಶವೆಲ್ಲ ತಲೆ ಕೆಡಿಸಿಕೊಂಡಿತು. ಹಸ್ಕಿ ಆಗಿದ್ದರೆ ಲಡಾಖೇ ಬಡ್ತಿ.

ಈ ನಡುವೆ ದೆಹಲಿಯ ಬಿಸಿಲಿಗೆ, ಹೊಗೆಗೆ, ಗಲೀಜಿಗೆ, ಜನರಿಗೆ ಸಾವಿರಾರು ವರ್ಷಗಳಿಂದ ಒಗ್ಗಿಹೋದ ತಳಿಯೊಂದು ಗೇಟಿನ ಹೊರಗೆ ಕೂತಿದೆ. ಹೆಸರು ಬೀದಿನಾಯಿ, ಸಾಕಿದರೆ 'ಇಂಡೀ'. ಮಧ್ಯಮ ಗಾತ್ರ, ಗಟ್ಟಿ ಆರೋಗ್ಯ, ಉಳಿದ ರೊಟ್ಟಿ ಹಾಕಿದರೂ ಕೃತಜ್ಞತೆ. ಅದನ್ನು ಮಾತ್ರ ಸುಪ್ರೀಂ ಕೋರ್ಟು ವಿಚಾರಣೆಗೆ ತೆಗೆದುಕೊಂಡಿತು. ಕಾರಣ ತಮಾಷೆಯದಲ್ಲ. ದೆಹಲಿಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ರೇಬೀಸ್‌ನಿಂದ ಸತ್ತಿದ್ದಳು, ಆ ವರದಿ ಓದಿದ ನ್ಯಾಯಾಲಯ ತಾನಾಗಿ ಕೇಸು ಕೈಗೆತ್ತಿಕೊಂಡಿತು. 2025ರ ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ಎನ್‌ಸಿಆರ್‌ನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ, ಮತ್ತೆ ಬೀದಿಗೆ ಬಿಡಬೇಡಿ ಅಂದಿತು. ಹನ್ನೊಂದು ದಿನಕ್ಕೆ ಮೂವರ ಪೀಠ ತಿದ್ದಿತು: ಚುಚ್ಚುಮದ್ದು ಹಾಕಿ, ಸಂತಾನಹರಣ ಮಾಡಿ, ಹಿಡಿದಲ್ಲೇ ಬಿಡಿ. ರೇಬೀಸ್ ಬಂದದ್ದು, ಮೇಲೆ ಬೀಳುವಂಥದ್ದು ಬಿಟ್ಟು. ನ್ಯಾಯಾಲಯಕ್ಕೆ ಬಂದ ನಾಯಿಪ್ರಿಯರು ತಲಾ 25 ಸಾವಿರ, ಸಂಸ್ಥೆಗಳು ತಲಾ 2 ಲಕ್ಷ ಠೇವಣಿ ಇಡಬೇಕೆಂದೂ ಹೇಳಿತು. ಪ್ರೀತಿಗೆ ಇಷ್ಟು ಖಚಿತವಾದ ದರ ಕವಿಗಳೂ ಕಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಕಾಂಗ್ರೆಸ್ ಸಂಸದೆ ರೇಣುಕಾ ಚೌಧರಿ ಸಂಸತ್ತಿನ ಆವರಣಕ್ಕೇ ಕಾರಿನಲ್ಲಿ ಬೀದಿನಾಯಿ ಮರಿ ತಂದರು. ಆಳುವ ಪಕ್ಷ ಸದನದ ಘನತೆಗೆ ಧಕ್ಕೆ ಅಂದಿತು. ಮರಿ ಒಳಗೆ ಹೋಗಲಿಲ್ಲ, ಕಾರಿನಲ್ಲೇ ವಾಪಸು ಹೋಯಿತು, ಅದರ ಘನತೆಯಾದರೂ ಉಳಿಯಿತು.

ಇಷ್ಟು ಹೊತ್ತು ಪಂಜಾಬಿಗಳನ್ನೂ ಅಧಿಕಾರಿಗಳನ್ನೂ ಆಡಿಕೊಂಡು ನಕ್ಕ ಕನ್ನಡಿಗರು ಈಗ ಸ್ವಲ್ಪ ಇತ್ತ ಬರಬೇಕು. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ನಾಟಕ ಮುಗಿಸಿ ಕಾಫಿ ಕುಡಿಯುವಾಗ ಹುಬ್ಬಳ್ಳಿ ಕಡೆಯವರೊಬ್ಬರು ಸಿಕ್ಕಿದ್ದರು. ನಾಯಿಯ ಮಾತು ಬಂತು.

'ಅಲ್ರೀ ಸರ, ಈ ಮಂದಿ ಹಸ್ಕಿ ಪಸ್ಕಿ ಅಂತ ರೊಕ್ಕ ಯಾಕ ಸುರೀತಾರ? ನಮ್ಮ ಮುಧೋಳ ನಾಯಿ ಇಲ್ಲೇನು? ನಾ ಒಂದು ತರಸೋದೈತಿ ನೋಡ್ರಿ.'

'ಮನೆ ಎಷ್ಟನೇ ಮಹಡಿ?'

'ಹದಿನೇಳು.'

'ಓಡಿಸೋದೆಲ್ಲಿ?'

'ಪೋಡಿಯಂ ಮ್ಯಾಲ ಅಡ್ಡಾಡ್ತದ್ರೀ.' ಸ್ವಲ್ಪ ತಡೆದು ಸೇರಿಸಿದರು, 'ಮೋದಿಯವ್ರ ಹೇಳ್ಯಾರ್ರೀ ದೇಸಿ ನಾಯಿ ಸಾಕ್ರಿ ಅಂತ.'

ಹೇಳಿದ್ದು ನಿಜ. 2018ರ ಚುನಾವಣೆಯಲ್ಲಿ ಜಮಖಂಡಿಗೆ ಬಂದ ಪ್ರಧಾನಿ, ದೇಶಭಕ್ತಿಯನ್ನು ಮುಧೋಳ ನಾಯಿಗಳಿಂದಾದರೂ ಕಲಿಯಿರಿ ಎಂಬ ಅರ್ಥದಲ್ಲಿ ಕಾಂಗ್ರೆಸ್ಸಿನವರಿಗೆ ಚುಚ್ಚಿದ್ದರು. 2020ರ ಆಗಸ್ಟಿನ ಮನ್ ಕೀ ಬಾತ್‌ನಲ್ಲಿ ದೇಸಿ ತಳಿಗಳ ಜೊತೆ ಮುಧೋಳದ ಹೆಸರೂ ಬಂತು. ಅದಕ್ಕೂ ಮೊದಲೇ, 2016ರಲ್ಲಿ, ಬಾಗಲಕೋಟೆಯಿಂದ ಮರಿಗಳು ಮೇರಠ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋಗಿದ್ದವು. 2022ರಲ್ಲಿ ಪ್ರಧಾನಿಯ ರಕ್ಷಣೆಯ ಎಸ್‌ಪಿಜಿಯವರೇ ಬಂದು ಮರಿಗಳನ್ನು ಒಯ್ದರು. ಅಂದರೆ ಎನ್‌ಸಿಆರ್‌ಗೆ ಬಂದ ಮುಧೋಳ ನಾಯಿಗೆ ಸರ್ಕಾರಿ ನೌಕರಿ ಖಾತ್ರಿ. ಘೋರ್ಪಡೆ ಅರಸರು ಬೆಳೆಸಿ ಬ್ರಿಟಿಷ್ ದೊರೆಗೂ ಉಡುಗೊರೆ ಕೊಟ್ಟ ಈ ನಾಯಿಗೆ ಕೆನಲ್ ಕ್ಲಬ್ಬಿನವರು ಕ್ಯಾರವಾನ್ ಹೌಂಡ್ ಎಂದು ಬೇರೆ ಹೆಸರಿಟ್ಟಾಗ ನಾವು ಬೇಸರ ಮಾಡಿಕೊಂಡೆವು. 2005ರಲ್ಲಿ ಅಂಚೆಚೀಟಿ ಬಂದಾಗ ಎದೆಯುಬ್ಬಿಸಿದೆವು. ಎಲ್ಲ ಸರಿ. ಆದರೆ ಅದು ಕಣ್ಣಳತೆಗೆ ಮೊಲ ಬಿದ್ದರೆ ಮೂರು ಹೊಲ ದಾಟುವ ತನಕ ನಿಲ್ಲದ ಬೇಟೆನಾಯಿ. ತೆಳ್ಳಗಿನ ಸೊಂಟ, ಉದ್ದ ಕಾಲು, ಅಪರಿಚಿತರು ಮುಟ್ಟಿದರೆ ಸಿಡಿಮಿಡಿ. ಹುಬ್ಬಳ್ಳಿಯ ಸಾಹೇಬರ ಪೋಡಿಯಮ್ಮಿನಲ್ಲಿ ಅದಕ್ಕೆ ಕಾಣುವ ಓಡುವ ಪ್ರಾಣಿ ಎಂದರೆ ಸೈಕಲ್ ಹೊಡೆಯುವ ಮಕ್ಕಳು. ಸೈಬೀರಿಯದ ನಾಯಿಯನ್ನು ಸೋಫಾಕ್ಕೆ ಕಟ್ಟಿದವರನ್ನು ಕಂಡು ನಗುವ ನಾವು, ಉತ್ತರ ಕರ್ನಾಟಕದ ಬಯಲು ನಾಯಿಯನ್ನು ಹದಿನೇಳನೇ ಮಹಡಿಗೆ ಏರಿಸುವುದನ್ನು ನಾಡಾಭಿಮಾನ ಎನ್ನುತ್ತೇವೆ.

ಆದ್ದರಿಂದ ದೆಹಲಿ ಕನ್ನಡಿಗರಲ್ಲಿ ಒಂದು ಕೋರಿಕೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಊರಿಗೆ ಹೋದಾಗ ಅಲ್ಲಿಗೆ ಹೋಗಿ, ಮಕ್ಕಳಿಗೆ ತೋರಿಸಿ, ಫೋಟೊ ತೆಗೆದುಕೊಳ್ಳಿ, ಮರಿಯನ್ನು ಹೊಲ ಇರುವವರಿಗೆ ಬಿಟ್ಟು ಬನ್ನಿ. ಮನೆಗೆ ನಾಯಿ ಬೇಕೇ ಬೇಕೆಂದರೆ ನಿಮ್ಮ ಗೇಟಿನ ಹೊರಗೆ ಚಳಿಗಾಲದಲ್ಲಿ ಹುಟ್ಟಿದ ಮರಿಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ರೇಬೀಸ್ ಚುಚ್ಚುಮದ್ದು ಹಾಕಿಸಿ, ನೀವು ದೆಹಲಿಯವರಾದರೆ ಪಾಲಿಕೆಯಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿ. ಅರ್ಜಿಯಲ್ಲಿ ತಳಿ ಎಂದು ಕೇಳಿದ ಕಡೆ 'ದೇಸಿ' ಎಂದು ಬರೆಯಿರಿ. ಬೆಳಿಗ್ಗೆ ಆರಕ್ಕೆ ಹಗ್ಗ ಹಿಡಿದು ನೀವೇ ಕೆಳಗಿಳಿಯಿರಿ.